ಶ್ರೀಮತಿ ಜ್ಞಾನದಾನಂದಿನೀ ದೇವಿಯವರು

ಕಾರವಾರದ ಕಡಲತೀರವು ರವೀಂದ್ರನಾಥ ಠಾಕೂರರ ಹೆಸರನ್ನು ಹೊತ್ತಿರುವದೆಂಬದನ್ನು ಶಿರವಾಡದ ನಮ್ಮ ಬಾಲಿಕೆಯರೆಲ್ಲರೂ ಬಲ್ಲರು. ತರುಣ ಕವಿಯು 1883ನೆಯ ಇಸವಿಯಲ್ಲಿ ಇಲ್ಲಿಗೆ ಬಂದುದನ್ನೂ, ಬೆಳದಿಂಗಳ ರಾತ್ರಿಯಲ್ಲಿ ಕಾಳೀನದಿಯ ಮೇಲೆ ದೋಣಿಯಲ್ಲಿ ಹೋದುದನ್ನೂ ನಾವು ಪಾಠದಲ್ಲಿ ಹೇಳುತ್ತಲೇ ಇರುವೆವು. ಆದರೆ ಅವರು ಬಂದುದು ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಬಳಿಗೆ. ಆ ಅಣ್ಣನ ಧರ್ಮಪತ್ನಿಯ ಹೆಸರನ್ನು ಕೇಳಿದರೆ ತರಗತಿಯು ಮೌನವಾಗುವದು. ಆಕೆಯೇ ಜ್ಞಾನದಾನಂದಿನೀ ದೇವಿ.

ಇವರು 1850ರಲ್ಲಿ ಬಂಗಾಲದ ಜೆಸ್ಸೋರ ಸೀಮೆಯ ನರೇಂದ್ರಪುರದಲ್ಲಿ ಜನಿಸಿದರು. ಏಳೆಂಟು ವರ್ಷದ ಮಗುವಾಗಿರುವಾಗಲೇ ಮದುವೆಯಾಗಿ ಕಲಕತ್ತೆಯ ಜೋಡಾಸಾಂಕೋದ ದೊಡ್ಡ ಮನೆಯನ್ನು ಸೇರಿದರು. ಅಂತಃಪುರದ ಸೊಸೆಯು ಹೊರಗಿನ ಪುರುಷರ ಕಣ್ಣಿಗೆ ಬೀಳಕೂಡದೆಂಬುದು ಅಲ್ಲಿಯ ನಿಯಮವು. ಸತ್ಯೇಂದ್ರನಾಥರಿಗೋ ತಮ್ಮ ಸ್ನೇಹಿತರಾದ ಮನಮೋಹನ ಘೋಷರಿಗೆ ಹೆಂಡತಿಯನ್ನು ತೋರಿಸಬೇಕೆಂಬ ಹಂಬಲ. ಒಂದು ರಾತ್ರಿ ಇಬ್ಬರೂ ಒಬ್ಬನೇ ನಡೆಯುತ್ತಿರುವಂತೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ಒಳಗೆ ಬಂದರಂತೆ. ಗೆಳೆಯನನ್ನು ಸೊಳ್ಳೆಪರದೆಯೊಳಗೆ ಕೂಡ್ರಿಸಿ ಸತ್ಯೇಂದ್ರನಾಥರು ಮಲಗಿಬಿಟ್ಟರು. ಪರದೆಯೊಳಗೆ ಕುಳಿತ ಇಬ್ಬರ ಬಾಯಿಂದಲೂ ಒಂದು ಮಾತು ಹೊರಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅತಿಥಿಯು ಬಂದ ರೀತಿಯಲ್ಲಿಯೇ ಹೊರಗೆ ಹೋದನು! ಮುಪ್ಪಿನಲ್ಲಿ ಈ ಸಂಗತಿಯನ್ನು ಆಕೆಯೇ ಮನೆಯವರಿಗೆ ಹೇಳಿದರು.

ಸತ್ಯೇಂದ್ರನಾಥರು ಇಂಡಿಯನ್ ಸಿವಿಲ್ ಸರ್ವಿಸನ್ನು ಸೇರಿದ ಮೊದಲನೆಯ ಭಾರತೀಯರು. 1864ರಲ್ಲಿ ವಿಲಾಯತಿಯಿಂದ ತಿರುಗಿ ಬಂದು ಪತ್ನಿಯನ್ನು ಮುಂಬಯಿಗೆ ಕರೆದೊಯ್ದರು. ಮನೆಯ ಸೊಸೆಯು ಅಂಗಳ ದಾಟಿ ಗಾಡಿ ಹತ್ತುವದಕ್ಕೆ ಒಪ್ಪಿಗೆ ದೊರೆಯದ್ದರಿಂದ ಆಕೆಯು ಪಾಲಕಿಯಲ್ಲಿ ಹೊರಟರು. ಮುಂಬಯಿಯಲ್ಲಿ ಅವರು ತಂಗಿದ್ದುದು ಪಾರ್ಸೀ ಗೃಹಸ್ಥರಾದ ಮಾಣಕಜೀ ಕರಸೆಟಜೀಯವರ ಮನೆಯಲ್ಲಿ; ಹೆಣ್ಣುಮಕ್ಕಳ ಸಾಲೆಯನ್ನು ಸ್ಥಾಪಿಸಿದ ಪುಣ್ಯಾತ್ಮರವರು. ಆ ಮನೆಯ ಸ್ತ್ರೀಯರನ್ನು ನೋಡಿ ಸೀರೆ ಉಡುವ ಹೊಸ ರೀತಿಯನ್ನು ಕಲಿತರು. ಆದರೆ ಬಲಗೈಗೆ ತೊಡಕಾಗಬಾರದೆಂದು ಸೆರಗನ್ನು ಎಡಭುಜದ ಮೇಲೆ ತಂದರು. ಒಳಲಂಗ, ರವಿಕೆಗಳೂ ಅದರ ಜತೆಗೆ ಬಂದವು. 1871ರಲ್ಲಿ ವಾಮಾಬೋಧಿನೀ ಪತ್ರಿಕೆಯಲ್ಲಿ, ಇಚ್ಛೆಯುಳ್ಳವರಿಗೆ ತಾವು ಇದನ್ನು ಕಲಿಸುವುದಾಗಿ ಪ್ರಕಟಿಸಿದರು. ಇದನ್ನು ಕೇವಲ ಶೃಂಗಾರದ ಮಾತೆಂದು ನಗುವವರುಂಟು. ಮನೆಯ ಹೊರಗೆ ಹೋಗಲು ತಕ್ಕ ಉಡುಪಿಲ್ಲದವಳು ಸಾಲೆಗೆ ತಾನೆ ಹೇಗೆ ಬಂದಾಳು?

1866ರಲ್ಲಿ ಆಕೆಯು ಜೋಡಾಸಾಂಕೋಗೆ ಹಿಂತಿರುಗಿ ತಲೆಬಾಗಿಲಿನಲ್ಲಿಯೇ ಗಾಡಿಯಿಂದಿಳಿದರು. ಆ ದಿನ ಮನೆಯಲ್ಲಿ ಕವಿದ ಶೋಕವನ್ನು ನಾದಿನಿ ಸ್ವರ್ಣಕುಮಾರೀ ದೇವಿಯವರು ಮರೆಯಲಿಲ್ಲ. ಸತ್ತವರ ಮನೆಯಂತೆ ಅಳುವಿತ್ತು. ಆದರೆ ಯಾರೂ ಸತ್ತಿರಲಿಲ್ಲ. ಆ ವರ್ಷವೇ ವೈಸರಾಯ್ ಲಾರೆನ್ಸರ ಔತಣಕ್ಕೆ ಆಕೆಯು ಹೋದಾಗ, ಬಂಧುಗಳಾದ ಪ್ರಸನ್ನಕುಮಾರ ಠಾಕೂರರು ನಾಚಿಕೆಯಿಂದ ಎದ್ದು ಹೊರಟುಹೋದರು. ಈ ಪ್ರಸನ್ನಕುಮಾರರೇ ಕ್ರೈಸ್ತಮತವನ್ನು ಸ್ವೀಕರಿಸಿದ ತಮ್ಮ ಮಗ ಜ್ಞಾನೇಂದ್ರಮೋಹನರಿಗೆ ಆಸ್ತಿಯಿಲ್ಲದಂತೆ ಮಾಡಿದವರು. 1877ರಲ್ಲಿ ಜ್ಞಾನದಾನಂದಿನೀ ದೇವಿಯವರು ಪತಿಯನ್ನು ಬಿಟ್ಟು, ಮೂರು ಮಕ್ಕಳೊಡನೆ, ಗರ್ಭಿಣಿಯಾಗಿಯೇ ಇಂಗ್ಲೆಂಡಿಗೆ ಹಡಗನ್ನು ಹತ್ತಿದಾಗ, ಲಂಡನ್ನಿನಲ್ಲಿ ಅವರನ್ನು ಬರಮಾಡಿಕೊಂಡವರು ಆ ಜ್ಞಾನೇಂದ್ರಮೋಹನರೇ.

ಆ ಪರದೇಶದ ವಾಸಕ್ಕೆ ತೆತ್ತ ಬೆಲೆಯು ಅಲ್ಪವಲ್ಲ. ಅಲ್ಲಿ ಹುಟ್ಟಿದ ಕೂಸು ಉಳಿಯಲಿಲ್ಲ. ಕಿರಿಯ ಮಗ ಕವೀಂದ್ರನೂ ತೀರಿಕೊಂಡನು. 1878ರಲ್ಲಿ ಬ್ರೈಟನ್ನಿಗೆ ಬಂದ ಮೈದುನ ರವೀಂದ್ರನಿಗೆ ಮನೆಯ ಅಕ್ಕರೆ ದೊರೆತದ್ದು ಈ ಅತ್ತಿಗೆಯ ಬಳಿಯಲ್ಲಿಯೇ. ಮುಂದೆ 1885ರಲ್ಲಿ ಮಕ್ಕಳಿಗಾಗಿ ಬಾಲಕ ಎಂಬ ಮಾಸಪತ್ರಿಕೆಯನ್ನು ಆಕೆಯು ಹೊರಡಿಸಿದಾಗ, ಅದಕ್ಕೆ ಯಥೇಚ್ಛವಾಗಿ ಬರೆದವರಲ್ಲಿ ರವೀಂದ್ರನಾಥರು ಮುಖ್ಯರು.

ಉಳಿದ ಮಕ್ಕಳಿಬ್ಬರಲ್ಲಿ ಇಂದಿರಾ ದೇವಿಯವರು ನಮ್ಮ ಬಿಜಾಪುರ ಸೀಮೆಯಲ್ಲಿಯೇ 1873ರಲ್ಲಿ ಹುಟ್ಟಿದವರು. ತಾಯಿಯು 1941ನೆಯ ಅಕ್ಟೋಬರ 1ರಂದು, ಮೈದುನ ರವೀಂದ್ರನಾಥರು ಅಗಲಿ ಎರಡು ತಿಂಗಳು ತುಂಬುವುದರೊಳಗೆ, ದೈವಾಧೀನರಾದರು. ತಾಯಿಯ ಬಾಯಿಂದ ಬಂದ ನೆನಪುಗಳನ್ನೂ, ತಂದೆಯು ವಿಲಾಯತಿಯಿಂದ ತಮ್ಮ ಎಳೆಯ ಹೆಂಡತಿಗೆ ಬರೆದ ಪತ್ರಗಳನ್ನೂ ಇಂದಿರಾ ದೇವಿಯವರು ಕೂಡಿಸಿ, 1957ರಲ್ಲಿ ಪುರಾತನೀ ಎಂಬ ಗ್ರಂಥವಾಗಿ ಅಚ್ಚು ಹಾಕಿಸಿದರು. ಸೊಳ್ಳೆಪರದೆಯ ಕಥೆಯು ಅದರಲ್ಲಿಯೇ ಇರುವದು.