ಬೆಳಕನ್ನೇ ಮದ್ದಾಗಿಸಿದ ನೀಲ್ಸ್ ಫಿನ್ಸೆನ್

ಬೆಳಕಿಗೆ ರೋಗಾಣುಗಳನ್ನು ಕೊಲ್ಲುವ ಶಕ್ತಿ ಇದೆ ಎಂದು ಇಂಗ್ಲೆಂಡಿನ ಡೌನ್ಸ್ ಮತ್ತು ಬ್ಲಂಟ್ ಎಂಬ ಇಬ್ಬರು 1877ರಲ್ಲಿ ತೋರಿಸಿಕೊಟ್ಟಿದ್ದರು. ಆ ಶಕ್ತಿಯನ್ನು ರೋಗಿಗಳ ಚಿಕಿತ್ಸೆಗೆ ಬಳಸಿ ಹೆಸರಾದವರು ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್.

ಫಿನ್ಸೆನ್ ಹುಟ್ಟಿದ್ದು 1860ರ ಡಿಸೆಂಬರ್ 15ರಂದು, ಉತ್ತರ ಅಟ್ಲಾಂಟಿಕ್ ಸಾಗರದ ಫ್ಯಾರೋ ದ್ವೀಪಗಳಲ್ಲಿ. ಚಳಿಗಾಲದಲ್ಲಿ ಅಲ್ಲಿ ಹಗಲೆಂದರೆ ಐದಾರು ಗಂಟೆ ಮಾತ್ರ. ಓದಲು ಡೆನ್ಮಾರ್ಕಿಗೆ ಕಳುಹಿಸಿದಾಗ, ಹುಡುಗ ಒಳ್ಳೆಯವನು ಆದರೆ ಬುದ್ಧಿ ಸಾಲದು ಎಂದು ಶಾಲೆಯವರು ಅಭಿಪ್ರಾಯಪಟ್ಟರಂತೆ. ಶಾಲೆಯ ವರದಿಗಳನ್ನು ಎಷ್ಟು ನಂಬಬೇಕೋ! ಮುಂದೆ ಐಸ್‌ಲ್ಯಾಂಡಿನಲ್ಲಿ ಶಾಲೆ ಮುಗಿಸಿ, ಕೋಪನ್‌ಹೇಗನ್ನಿನಲ್ಲಿ ವೈದ್ಯಕೀಯ ಓದಿ 1890ರಲ್ಲಿ ವೈದ್ಯರಾದರು.

ಅಷ್ಟರಲ್ಲಾಗಲೇ ಅವರ ದೇಹದೊಳಗೆ ಒಂದು ಕಾಯಿಲೆ ಮನೆ ಮಾಡಿತ್ತು. ಯಕೃತ್ತು, ಗುಲ್ಮ, ಹೃದಯದ ಸುತ್ತಲಿನ ಪೊರೆಗಳು ನಿಧಾನವಾಗಿ ದಪ್ಪಗಟ್ಟುವ ಕಾಯಿಲೆ ಅದು. ಸದಾ ಸುಸ್ತು. ಉತ್ತರಕ್ಕೆ ಮುಖ ಮಾಡಿದ, ಬಿಸಿಲು ಬಾರದ ಮನೆಯಲ್ಲಿದ್ದ ಅವರಿಗೆ ಬಿಸಿಲಿನಲ್ಲಿ ಕುಳಿತಾಗ ಸ್ವಲ್ಪ ಹಾಯೆನಿಸುತ್ತಿತ್ತು. ಅದೇಕೆ ಎಂದು ಯೋಚಿಸತೊಡಗಿದರು. ತಮ್ಮ ತೋಳಿನ ಮೇಲೆ ಕಪ್ಪು ಶಾಯಿಯ ಪಟ್ಟಿ ಬಳಿದು ಬಿಸಿಲಿಗೆ ಹಿಡಿದರು. ಪಟ್ಟಿಯ ಆಚೀಚೆ ಚರ್ಮ ಕೆಂಪಾಗಿ ಉರಿಯಿತು, ಶಾಯಿಯ ಅಡಿಯ ಚರ್ಮ ಹಾಗೆಯೇ ಉಳಿಯಿತು. ಚರ್ಮದ ಮೇಲೆ ಬೆಳಕಿಗೆ ತನ್ನದೇ ಪ್ರಭಾವವಿದೆ ಎಂಬುದು ಖಚಿತವಾಯಿತು. 1893ರಲ್ಲಿ ಅಧ್ಯಾಪಕನ ಕೆಲಸವನ್ನೂ ಬಿಟ್ಟು ಇದರ ಬೆನ್ನು ಹತ್ತಿದರು.

ಆ ಕಾಲದಲ್ಲಿ ಲೂಪಸ್ ವಲ್ಗ್ಯಾರಿಸ್ ಎಂಬ ಚರ್ಮದ ಕ್ಷಯ ಯುರೋಪಿನ ಜನರನ್ನು ಕಾಡುತ್ತಿತ್ತು. ಕ್ಷಯದ ಬ್ಯಾಕ್ಟೀರಿಯಾ ಮುಖದ ಚರ್ಮಕ್ಕೆ ಹೊಕ್ಕು ಮೂಗು, ತುಟಿ, ಕೆನ್ನೆಗಳನ್ನು ತಿಂದುಹಾಕುತ್ತಿತ್ತು. ಲೂಪಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೋಳ. ರೋಗಿಗಳು ಮುಖ ಮುಚ್ಚಿಕೊಂಡು ಬದುಕಬೇಕಿತ್ತು. ಸುಡುವುದು, ಕೆರೆಯುವುದು ಬಿಟ್ಟರೆ ವೈದ್ಯರ ಬಳಿ ಹೆಚ್ಚಿನ ಉಪಾಯವಿರಲಿಲ್ಲ.

1895ರಲ್ಲಿ ವರ್ಷಗಟ್ಟಲೆ ಈ ರೋಗದಿಂದ ನರಳಿದ್ದ ಮೋಗೆನ್ಸೆನ್ ಎಂಬ ಎಂಜಿನಿಯರರ ಮುಖದ ಮೇಲೆ ಫಿನ್ಸೆನ್ ವಿದ್ಯುತ್ ಕಾರ್ಬನ್ ದೀಪದ ಬೆಳಕು ಹರಿಸಿದರು. ತಿಂಗಳುಗಳು ಕಳೆದಂತೆ ಹುಣ್ಣು ಮಾಯತೊಡಗಿತು. ಕೆಲಸವೇನೂ ಸುಲಭವಲ್ಲ. ಚರ್ಮ ಸುಡದಂತೆ ಬೆಳಕನ್ನು ನೀರಿನ ಮೂಲಕ ಹಾಯಿಸಿ ತಂಪಾಗಿಸಬೇಕು. ರಕ್ತವು ಬೆಳಕನ್ನು ಒಳಗೆ ಬಿಡುವುದಿಲ್ಲವಾದ್ದರಿಂದ, ಸ್ಫಟಿಕದ ಬಿಲ್ಲೆಯಿಂದ ಆ ಜಾಗವನ್ನು ಒತ್ತಿ ರಕ್ತವನ್ನು ಸರಿಸಬೇಕು. ಹೀಗೆ ಒತ್ತಿ ಹಿಡಿದು ದಾದಿಯರು ಪ್ರತಿ ರೋಗಿಯ ಬಳಿ ದಿನಕ್ಕೆ ಒಂದು ಗಂಟೆಯಷ್ಟು ಕೂರುತ್ತಿದ್ದರು. ಅಷ್ಟಾದರೂ ಒಂದು ಸಲಕ್ಕೆ ಗುಣವಾಗುತ್ತಿದ್ದುದು ಒಂದು ನಾಣ್ಯದಷ್ಟು ಜಾಗ! ಆ ದಾದಿಯರ ಹೆಸರುಗಳು ಯಾರಿಗೂ ನೆನಪಿಲ್ಲ ಎನ್ನುವುದು ಬೇಸರದ ಸಂಗತಿ.

1896ರಲ್ಲಿ ಕೋಪನ್‌ಹೇಗನ್ನಿನಲ್ಲಿ ಫಿನ್ಸೆನ್ ಸಂಸ್ಥೆ ಆರಂಭವಾಯಿತು. ಮೊದಲ ಐದು ವರ್ಷಗಳಲ್ಲಿ ಸುಮಾರು 800 ಲೂಪಸ್ ರೋಗಿಗಳು ಅಲ್ಲಿ ಚಿಕಿತ್ಸೆ ಪಡೆದರು, ಬಹುಪಾಲು ಜನ ಗುಣ ಕಂಡರು. ಡೆನ್ಮಾರ್ಕಿನ ರಾಜಕುಮಾರಿಯಾಗಿದ್ದ ಅಲೆಕ್ಸಾಂಡ್ರಾ 1900ರಲ್ಲಿ ಲಂಡನ್ನಿನ ಆಸ್ಪತ್ರೆಗೂ ಒಂದು ದೀಪ ಕೊಡಿಸಿದರು. ಸಿಡುಬಿಗೆ ಕೆಂಪು ಬೆಳಕಿನ ಕೋಣೆ ಒಳ್ಳೆಯದು ಎಂಬ ಫಿನ್ಸೆನ್ನರ ಇನ್ನೊಂದು ಸಲಹೆ ಮಾತ್ರ ನಿಲ್ಲಲಿಲ್ಲ.

1903ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ಬಂದಾಗ ಅವರು ಗಾಲಿಕುರ್ಚಿ ಹಿಡಿದಿದ್ದರು. ಸ್ಟಾಕ್‌ಹೋಮಿಗೆ ಹೋಗುವ ಶಕ್ತಿಯೂ ಇರಲಿಲ್ಲ. ಬಹುಮಾನದ ಹಣದಲ್ಲಿ ದೊಡ್ಡ ಪಾಲನ್ನು ರೋಗಿಗಳ ಸಂಸ್ಥೆಗಳಿಗೇ ಕೊಟ್ಟುಬಿಟ್ಟರು. ತಮ್ಮ ಆಹಾರದ ಉಪ್ಪು, ನೀರಿನ ಲೆಕ್ಕವನ್ನೂ ಇಟ್ಟು, ತಮ್ಮ ಕಾಯಿಲೆಯನ್ನೇ ಅಧ್ಯಯನ ಮಾಡಿದರು. 1904ರ ಸೆಪ್ಟೆಂಬರ್ 24ರಂದು ತೀರಿಕೊಂಡಾಗ ಅವರಿಗೆ 43 ವರ್ಷ.

ನೇರಳಾತೀತ ಕಿರಣಗಳೇ ಬ್ಯಾಕ್ಟೀರಿಯಾವನ್ನು ಕೊಂದವು ಎಂದು ಫಿನ್ಸೆನ್ ನಂಬಿದ್ದರು. ಆದರೆ 2005ರಲ್ಲಿ ಡೆನ್ಮಾರ್ಕಿನ ಸಂಶೋಧಕರು ಅವರ ಹಳೆಯ ಉಪಕರಣಗಳನ್ನು ಪರೀಕ್ಷಿಸಿದಾಗ ಬೇರೆಯೇ ಸಂಗತಿ ಕಂಡಿತು. ಪ್ರಬಲವಾದ ನೇರಳಾತೀತ ಕಿರಣಗಳು ಆ ಮಸೂರಗಳನ್ನು ದಾಟುತ್ತಲೇ ಇರಲಿಲ್ಲ! ಕ್ಷಯದ ಬ್ಯಾಕ್ಟೀರಿಯಾದೊಳಗೇ ಪಾರ್ಫಿರಿನ್ ಎಂಬ ವಸ್ತು ಇರುತ್ತದೆ. ಅದು ಬೆಳಕನ್ನು ಹೀರಿ, ಆಮ್ಲಜನಕವನ್ನು ಕೆರಳಿಸಿ, ಆ ಜೀವಾಣುವನ್ನೇ ಕೊಂದಿರಬೇಕು ಎಂದು ಅವರು ವಿವರಿಸಿದರು.

ಇಂದು ಪ್ರಯೋಗಾಲಯಗಳಲ್ಲಿ ಟೈಟಾನಿಯಂ ಡೈಆಕ್ಸೈಡ್‌ನಂಥ ವಸ್ತುಗಳ ನ್ಯಾನೋ ಕಣಗಳಿಂದ ಮಾಡಿಸುತ್ತಿರುವುದೂ ಇದೇ ಬಗೆಯ ಕೆಲಸ. ಕತ್ತಲಲ್ಲಿ ಸುಮ್ಮನಿರುವ ಕಣ ಬೆಳಕು ಬಿದ್ದೊಡನೆ ಕೆರಳಿದ ಆಮ್ಲಜನಕವನ್ನು ಹುಟ್ಟಿಸಿ ಬ್ಯಾಕ್ಟೀರಿಯಾದ ಹೊರಪೊರೆಯನ್ನು ಹರಿಯುತ್ತದೆ. 1940ರ ದಶಕದಲ್ಲಿ ಸ್ಟ್ರೆಪ್ಟೊಮೈಸಿನ್ ಬಂದ ಮೇಲೆ ಫಿನ್ಸೆನ್ ದೀಪಗಳು ಮೂಲೆ ಸೇರಿದವು. ಅಂಥ ಔಷಧಿಗಳಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಹೆಚ್ಚಿದಾಗ ವಿಜ್ಞಾನಿಗಳು ಮತ್ತೆ ಬೆಳಕಿನ ಕಡೆ ತಿರುಗಿದರು.