ಫಿಲಿಪ್ ಸ್ಪ್ರಾಟ್

ಫಿಲಿಪ್ ಸ್ಪ್ರಾಟ್ (26 ಸೆಪ್ಟೆಂಬರ್ 1902 – 8 ಮಾರ್ಚ್ 1971) ಅವರು ಇಂಗ್ಲೆಂಡಿನಲ್ಲಿ ಜನಿಸಿ, ಭಾರತವನ್ನೇ ತಮ್ಮ ಕರ್ಮಭೂಮಿಯನ್ನಾಗಿ ಮಾಡಿಕೊಂಡ ಕಾರ್ಮಿಕ ಸಂಘಟಕರು, ಲೇಖಕರು ಹಾಗೂ ಪತ್ರಿಕಾ ಸಂಪಾದಕರು. ಭಾರತದ ಕಾರ್ಮಿಕರನ್ನು ಸಂಘಟಿಸಲೆಂದು ಬಂದ ಅವರು ಮೀರತ್ ಪಿತೂರಿ ಮೊಕದ್ದಮೆಯಲ್ಲಿ (1929–1933) ಪ್ರಮುಖ ಆರೋಪಿಗಳಲ್ಲಿ ಒಬ್ಬರಾಗಿ ಸೆರೆವಾಸ ಅನುಭವಿಸಿದರು. ಬಂಧಿತ ಕಾರ್ಮಿಕ ನಾಯಕರ ಪರವಾಗಿ ಹಲವು ದೇಶಗಳಲ್ಲಿ ದನಿ ಎದ್ದ ಮೊಕದ್ದಮೆಗಳಲ್ಲಿ ಇದು ಹೆಸರಾಂತದ್ದು. ಮುಂದೆ ಕಮ್ಯುನಿಸ್ಟ್ ಸಿದ್ಧಾಂತವನ್ನು ತೊರೆದ ಸ್ಪ್ರಾಟ್ ಅವರು ಬೆಂಗಳೂರಿನಲ್ಲಿ ನೆಲೆಸಿ ‘ಮೈಸಿಂಡಿಯಾ’ ವಾರಪತ್ರಿಕೆಯ ಸಂಪಾದಕರಾಗಿದ್ದರು.

ಬಾಲ್ಯ ಮತ್ತು ಶಿಕ್ಷಣ

ಸ್ಪ್ರಾಟ್ ಅವರು ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ಜನಿಸಿದರು. ತಂದೆ ಹರ್ಬರ್ಟ್ ಸ್ಪ್ರಾಟ್ ಶಾಲಾ ಉಪಾಧ್ಯಾಯರಾಗಿದ್ದರು. ಗಣಿತದಲ್ಲಿ ಪ್ರತಿಭಾವಂತರಾಗಿದ್ದ ಫಿಲಿಪ್ 1921ರಲ್ಲಿ ವಿದ್ಯಾರ್ಥಿವೇತನ ಗಳಿಸಿ ಕೇಂಬ್ರಿಜ್‌ನ ಡೌನಿಂಗ್ ಕಾಲೇಜನ್ನು ಸೇರಿದರು. ಮೊದಲ ಮಹಾಯುದ್ಧದ ತರುವಾಯದ ಆ ವರ್ಷಗಳಲ್ಲಿ ವಿದ್ಯಾರ್ಥಿಗಳ ನಡುವೆ ಸಮಾಜವಾದದ ಚರ್ಚೆ ಬಿರುಸಾಗಿ ನಡೆಯುತ್ತಿತ್ತು. ಗಣಿತಕ್ಕಿಂತ ರಾಜಕೀಯದಲ್ಲೇ ಹೆಚ್ಚು ಮಗ್ನರಾದ ಸ್ಪ್ರಾಟ್ ಕಮ್ಯುನಿಸ್ಟ್ ಪಕ್ಷದ ಸದಸ್ಯರಾದರು. ವ್ಯಾಸಂಗ ಮುಗಿದ ಬಳಿಕ ಲಂಡನ್ನಿನ ಕಾರ್ಮಿಕ ಸಂಶೋಧನಾ ಇಲಾಖೆ ಎಂಬ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದರು.

ಭಾರತಕ್ಕೆ ಆಗಮನ

1926ರಲ್ಲಿ ಕಮ್ಯುನಿಸ್ಟ್ ಅಂತಾರಾಷ್ಟ್ರೀಯ ಸಂಘಟನೆಯ ಪರವಾಗಿ ಭಾರತಕ್ಕೆ ಹೋಗುವಂತೆ ಅವರಿಗೆ ಸೂಚನೆ ಬಂದಿತು. ಪುಸ್ತಕ ವ್ಯಾಪಾರಿಗಳ ಪ್ರತಿನಿಧಿ ಎಂಬ ಹೆಸರಿನಲ್ಲಿ ಹಡಗೇರಿದ ಅವರು ಆ ವರ್ಷದ ಕೊನೆಯಲ್ಲಿ ಮುಂಬಯಿಗೆ ಬಂದಿಳಿದರು. ಆಗ ಅವರ ವಯಸ್ಸು 24.

ಭಾರತದ ಕಮ್ಯುನಿಸ್ಟ್ ಪಕ್ಷ ಆಗಿನ್ನೂ ಎಳವೆಯಲ್ಲಿತ್ತು. 1925ರ ಡಿಸೆಂಬರಿನಲ್ಲಿ ಕಾನ್ಪುರದಲ್ಲಿ ನಡೆದ ಸಮ್ಮೇಳನದಲ್ಲಿ ಪಕ್ಷದ ಕಾರ್ಯದರ್ಶಿ ಹೊಣೆ ಹೊತ್ತಿದ್ದ ಎಸ್. ವಿ. ಘಾಟೆಯವರು ಮಂಗಳೂರಿನಲ್ಲಿ ಹುಟ್ಟಿದವರು. ಘಾಟೆ, ಎಸ್. ಎ. ಡಾಂಗೆ, ಮುಜಫ್ಫರ್ ಅಹ್ಮದ್ ಮೊದಲಾದವರೊಂದಿಗೆ ಸ್ಪ್ರಾಟ್ ಅವರು ಕಾರ್ಮಿಕ ಮತ್ತು ರೈತ ಪಕ್ಷಗಳ ಬೆಳವಣಿಗೆಗಾಗಿ ದುಡಿದರು. ಗಿರಣಿಗಳು, ರೈಲ್ವೆ ಕಾರ್ಯಾಗಾರಗಳು ಹಾಗೂ ಸೆಣಬಿನ ಕಾರ್ಖಾನೆಗಳ ಕಾರ್ಮಿಕರ ನಡುವೆ ಸಂಚರಿಸಿ ಸಂಘಗಳ ರಚನೆಗೆ ನೆರವಾದರು.

‘ಭಾರತ ಮತ್ತು ಚೀನಾ’ ಎಂಬ ಅರ್ಥದ ಶೀರ್ಷಿಕೆಯ ಕಿರುಪುಸ್ತಿಕೆ ಬರೆದುದಕ್ಕಾಗಿ 1927ರಲ್ಲಿ ಅವರ ಮೇಲೆ ರಾಜದ್ರೋಹದ ಆರೋಪ ಹೊರಿಸಲಾಯಿತು. ಜ್ಯೂರಿಯ ಮುಂದೆ ವಿಚಾರಣೆ ನಡೆದು ಅವರು ಬಿಡುಗಡೆ ಹೊಂದಿದರು. ಈ ಸಣ್ಣ ಪ್ರಕರಣದಿಂದ ಸರ್ಕಾರ ಕಲಿತ ಪಾಠವು ಎರಡು ವರ್ಷಗಳ ನಂತರದ ದೊಡ್ಡ ಮೊಕದ್ದಮೆಯಲ್ಲಿ ಕಾಣಿಸಿಕೊಂಡಿತು.

ಮೀರತ್ ಮೊಕದ್ದಮೆಯ ಹಿನ್ನೆಲೆ

1928ನೆಯ ವರ್ಷವು ಮುಷ್ಕರಗಳ ವರ್ಷವಾಗಿತ್ತು. ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ನಡೆದ ಮುಷ್ಕರದಲ್ಲಿ ಸುಮಾರು ಒಂದೂವರೆ ಲಕ್ಷ ಕಾರ್ಮಿಕರು ಪಾಲ್ಗೊಂಡರು. ಆ ಹೋರಾಟದಿಂದ ಬೆಳೆದ ಗಿರಣಿ ಕಾಮಗಾರ್ ಯೂನಿಯನ್ ದೇಶದ ಅತ್ಯಂತ ಪ್ರಬಲ ಕಾರ್ಮಿಕ ಸಂಘಗಳಲ್ಲಿ ಒಂದಾಯಿತು. ಇದರಿಂದ ಕಳವಳಗೊಂಡ ಸರ್ಕಾರವು, ಸ್ಪ್ರಾಟ್ ಮತ್ತು ಬೆಂಜಮಿನ್ ಬ್ರ್ಯಾಡ್ಲಿಯವರಂತಹ ಹೊರದೇಶದ ಸಂಘಟಕರನ್ನು ಹೊರಹಾಕಲು ಅಧಿಕಾರ ನೀಡುವ ಸಾರ್ವಜನಿಕ ಸುರಕ್ಷತಾ ಮಸೂದೆಯನ್ನು ಕೇಂದ್ರ ಶಾಸನ ಸಭೆಯಲ್ಲಿ ಮಂಡಿಸಿತು. ಪರ ಹಾಗೂ ವಿರೋಧದ ಮತಗಳು ಸಮನಾದಾಗ, ಅಧ್ಯಕ್ಷ ವಿಠ್ಠಲಭಾಯಿ ಪಟೇಲರು ತಮ್ಮ ನಿರ್ಣಾಯಕ ಮತವನ್ನು ಮಸೂದೆಯ ವಿರುದ್ಧ ಚಲಾಯಿಸಿದರು. 1929ರ ಏಪ್ರಿಲ್ 8ರಂದು ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತರು ಸಭೆಯಲ್ಲಿ ಬಾಂಬ್ ಎಸೆದಾಗ ಇದೇ ಮಸೂದೆ ಮರಳಿ ಸಭೆಯ ಮುಂದಿತ್ತು.

ಅದಕ್ಕೂ ಮುನ್ನವೇ, 1929ರ ಮಾರ್ಚ್ 20ರಂದು, ದೇಶದ ನಾನಾ ಊರುಗಳಲ್ಲಿ ಏಕಕಾಲಕ್ಕೆ ಬಂಧನಗಳು ನಡೆದಿದ್ದವು. ಬಂಧಿತರಲ್ಲಿ ಸ್ಪ್ರಾಟ್, ಬ್ರ್ಯಾಡ್ಲಿ, ಘಾಟೆ, ಡಾಂಗೆ, ಮುಜಫ್ಫರ್ ಅಹ್ಮದ್, ಪಿ. ಸಿ. ಜೋಶಿ ಮುಂತಾದವರಿದ್ದರು. ಮುಷ್ಕರದ ಮುಂಚೂಣಿಯಲ್ಲಿದ್ದ ನಾಯಕರನ್ನು ಕಳೆದುಕೊಂಡ ಕಾರ್ಮಿಕ ಸಂಘಗಳು ದುರ್ಬಲಗೊಂಡವು. ಕೆಲಕಾಲದ ಬಳಿಕ ಇನ್ನೊಬ್ಬ ಆಂಗ್ಲ ಪತ್ರಕರ್ತ ಲೆಸ್ಟರ್ ಹಚಿನ್ಸನ್ ಕೂಡ ಬಂಧನಕ್ಕೊಳಗಾದರು.

ವಿಚಾರಣೆ ಮತ್ತು ತೀರ್ಪು

ಆರೋಪಿಗಳ ಮೇಲೆ ಭಾರತೀಯ ದಂಡ ಸಂಹಿತೆಯ 121ಎ ವಿಧಿಯನ್ವಯ, ಬ್ರಿಟಿಷ್ ಭಾರತದ ಮೇಲಣ ಚಕ್ರವರ್ತಿಯ ಸಾರ್ವಭೌಮತ್ವವನ್ನು ಕಸಿಯಲು ಪಿತೂರಿ ನಡೆಸಿದ ಆರೋಪ ಹೊರಿಸಲಾಯಿತು. ಇಂತಹ ಮೊಕದ್ದಮೆಯಲ್ಲಿ ಹಿಂಸಾಕೃತ್ಯವನ್ನು ರುಜುವಾತುಪಡಿಸುವ ಅಗತ್ಯವಿರಲಿಲ್ಲ. ಭಾಷಣ, ಪತ್ರವ್ಯವಹಾರ, ಸಭೆ, ಪುಸ್ತಕಗಳೇ ಸಾಕ್ಷ್ಯಗಳಾದವು. ಬಹುಪಾಲು ಆರೋಪಿಗಳು ಮುಂಬಯಿ ಮತ್ತು ಕಲ್ಕತ್ತದಲ್ಲಿ ಕೆಲಸ ಮಾಡುತ್ತಿದ್ದರೂ ವಿಚಾರಣೆಗೆ ಮೀರತ್ ನಗರವನ್ನು ಆರಿಸಿಕೊಳ್ಳಲಾಯಿತು. 1928ರಲ್ಲಿ ಅಲ್ಲಿ ಕಾರ್ಮಿಕ ಮತ್ತು ರೈತ ಪಕ್ಷದ ಸಮ್ಮೇಳನ ನಡೆದಿದ್ದುದು ಇದಕ್ಕೆ ಆಧಾರವಾಯಿತು. ಮುಂಬಯಿ, ಕಲ್ಕತ್ತಗಳಲ್ಲಿ ಮೊಕದ್ದಮೆಯು ಜ್ಯೂರಿಯ ಮುಂದೆ ಹೋಗುತ್ತಿತ್ತು. ಮೀರತ್ತಿನಲ್ಲಿ ಜ್ಯೂರಿ ಇರಲಿಲ್ಲ. ಹೀಗಾಗಿ ನ್ಯಾಯಬದ್ಧ ವಿಚಾರಣೆಯ ಪ್ರಶ್ನೆಯೇ ಈ ಪ್ರಕರಣದ ಕೇಂದ್ರಬಿಂದುವಾಯಿತು.

ಆರೋಪಿಗಳ ನೆರವಿಗಾಗಿ ರಚನೆಯಾದ ಸಮಿತಿಯಲ್ಲಿ ಮೋತಿಲಾಲ್ ನೆಹರೂ, ಡಾ. ಅನ್ಸಾರಿ ಮತ್ತು ಜವಾಹರಲಾಲ್ ನೆಹರೂ ಅವರಿದ್ದರು. ಗಾಂಧೀಜಿಯವರು 1929ರಲ್ಲಿ ಮೀರತ್ ಜೈಲಿಗೆ ಬಂದು ಬಂಧಿತರನ್ನು ಕಂಡರು. ಸಿದ್ಧಾಂತದಲ್ಲಿ ಕಾಂಗ್ರೆಸ್ಸಿಗೂ ಬಂಧಿತರಿಗೂ ಭಿನ್ನಾಭಿಪ್ರಾಯಗಳಿದ್ದರೂ ಅದು ಈ ನೆರವಿಗೆ ಅಡ್ಡಿಯಾಗಲಿಲ್ಲ.

ಸುಮಾರು ನಾಲ್ಕು ವರ್ಷ ಎಳೆದ ಮೊಕದ್ದಮೆಯ ನಡುವೆಯೇ ವೃದ್ಧ ಕಾರ್ಮಿಕ ನಾಯಕ ಡಿ. ಆರ್. ಠೇಂಗಡಿಯವರು ತೀರಿಕೊಂಡರು. 1933ರ ಜನವರಿ 16ರಂದು ಸೆಷನ್ಸ್ ನ್ಯಾಯಾಧೀಶ ಯಾರ್ಕ್ ತೀರ್ಪಿತ್ತರು. ಮುಜಫ್ಫರ್ ಅಹ್ಮದರಿಗೆ ಜೀವಾವಧಿ ಕರಿನೀರಿನ ಶಿಕ್ಷೆಯಾಯಿತು. ಸ್ಪ್ರಾಟ್, ಡಾಂಗೆ, ಘಾಟೆ, ಜೋಗಳೇಕರ್ ಮತ್ತು ನಿಂಬಕರ್ ಅವರಿಗೆ ತಲಾ 12 ವರ್ಷಗಳ ಕರಿನೀರಿನ ಶಿಕ್ಷೆ ವಿಧಿಸಲಾಯಿತು.

ಅಂತಾರಾಷ್ಟ್ರೀಯ ಬೆಂಬಲ

ಮೀರತ್ ಬಂಧಿತರ ಪರವಾದ ಚಳವಳಿ ಭಾರತದ ಹೊರಗೂ ವ್ಯಾಪಿಸಿತು. 1927ರಲ್ಲಿ ಬ್ರಸೆಲ್ಸ್‌ನಲ್ಲಿ ಸ್ಥಾಪನೆಯಾಗಿದ್ದ ಸಾಮ್ರಾಜ್ಯಶಾಹಿ ವಿರೋಧಿ ಒಕ್ಕೂಟವು ಬಿಡುಗಡೆಗಾಗಿ ಪ್ರಚಾರ ಕೈಗೊಂಡಿತು. ಬ್ರಿಟನ್ನಿನಲ್ಲಿ ರಕ್ಷಣಾ ಸಮಿತಿಯೊಂದು ರೂಪುಗೊಂಡಿತು. ಚಿಂತಕ ಹೆರಾಲ್ಡ್ ಲಾಸ್ಕಿ, ಲೇಖಕ ಎಚ್. ಜಿ. ವೆಲ್ಸ್, ಇತಿಹಾಸಕಾರ ಆರ್. ಎಚ್. ಟಾನಿ ಅವರು ಬಹಿರಂಗವಾಗಿ ಬಂಧಿತರ ಪರ ನಿಂತರು. ಫ್ರಾನ್ಸಿನ ಸಾಹಿತಿ ರೊಮೇ ರೋಲಾ ಅವರು ಜಗತ್ತಿನ ಪ್ರಜ್ಞಾವಂತರಿಗೆ ಮನವಿ ಮಾಡಿದರು.

ಬ್ರಿಟನ್ನಿನ ಕಾರ್ಮಿಕ ರಂಗತಂಡಗಳು ‘ಮೀರತ್’ ಎಂಬ ಕಿರುನಾಟಕವನ್ನು ಬೀದಿಗಳಲ್ಲಿಯೂ ಸಭೆಗಳಲ್ಲಿಯೂ ಆಡಿದವು. ನಟರು ಕೋಲುಗಳನ್ನು ಅಡ್ಡಡ್ಡಲಾಗಿ ಜೋಡಿಸಿ ಹಿಡಿದು ಜೈಲಿನ ಕಂಬಿಗಳನ್ನು ರಚಿಸಿ, ಅವುಗಳ ಹಿಂದಿನಿಂದ ಬಂಧಿತರ ಕಥೆ ಹೇಳುತ್ತಿದ್ದರು. ಇಂತಹ ಸರಳ ಸಾಧನದಿಂದ ಭಾರತದ ಗಿರಣಿ ಕಾರ್ಮಿಕರ ಸಂಕಟ ಮ್ಯಾಂಚೆಸ್ಟರಿನ ಗಿರಣಿ ಕಾರ್ಮಿಕರವರೆಗೂ ತಲುಪಿತು. ಮೀರತ್ ಬಂಧಿತರಲ್ಲೊಬ್ಬರಾದ ಶೌಕತ್ ಉಸ್ಮಾನಿಯವರನ್ನು ಬ್ರಿಟಿಷ್ ಕಮ್ಯುನಿಸ್ಟ್ ಪಕ್ಷವು 1929ರ ಸಂಸತ್ ಚುನಾವಣೆಯಲ್ಲಿ ಸರ್ ಜಾನ್ ಸೈಮನ್ನರ ಎದುರಾಳಿಯಾಗಿ ನಿಲ್ಲಿಸಿತು. ಭಾರತೀಯರಿಲ್ಲದ ಸೈಮನ್ ಆಯೋಗದ ವಿರುದ್ಧದ ಪ್ರತಿಭಟನೆಯೂ ಇದರಲ್ಲಿ ಅಡಗಿತ್ತು.

ಆದರೆ ಈ ಬೆಂಬಲಕ್ಕೆ ಮಿತಿಗಳೂ ಇದ್ದವು. ಬಂಧನಗಳಾದ ಮೂರು ತಿಂಗಳಿಗೇ, 1929ರ ಜೂನ್‌ನಲ್ಲಿ, ಬ್ರಿಟನ್ನಿನಲ್ಲಿ ಲೇಬರ್ ಪಕ್ಷವೇ ಅಧಿಕಾರಕ್ಕೆ ಬಂದಿತು. ಕಾರ್ಮಿಕರ ಹೆಸರು ಹೊತ್ತ ಆ ಸರ್ಕಾರ ಮೊಕದ್ದಮೆಯನ್ನು ಹಿಂತೆಗೆದುಕೊಳ್ಳಲಿಲ್ಲ. ಬಂಧಿತರು ಕಮ್ಯುನಿಸ್ಟರೆಂಬ ಕಾರಣದಿಂದ ಬ್ರಿಟಿಷ್ ಕಾರ್ಮಿಕ ಸಂಘಗಳ ಹಿರಿಯ ನಾಯಕತ್ವವೂ ಆರಂಭದಲ್ಲಿ ದೂರವೇ ಉಳಿದಿತ್ತು. ಕಠಿಣ ಶಿಕ್ಷೆಗಳು ಪ್ರಕಟವಾದ ಬಳಿಕ, 1933ರಲ್ಲಿ, ಕಾರ್ಮಿಕ ಸಂಘಗಳ ಕಾಂಗ್ರೆಸ್ ಮತ್ತು ಲೇಬರ್ ಪಕ್ಷದ ಜಂಟಿ ಮಂಡಳಿಯು ಬಂಧಿತರನ್ನು ಬಿಡುಗಡೆ ಮಾಡಬೇಕೆಂದು ಪುಸ್ತಿಕೆ ಹೊರಡಿಸಿತು. ಅಷ್ಟರಲ್ಲಿ ಆ ಪಕ್ಷ ಅಧಿಕಾರ ಕಳೆದುಕೊಂಡಿತ್ತು.

1933ರ ಆಗಸ್ಟ್‌ನಲ್ಲಿ ಅಲಹಾಬಾದ್ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ ಷಾ ಸುಲೈಮಾನ್ ಮತ್ತು ನ್ಯಾಯಮೂರ್ತಿ ಯಂಗ್ ಅವರು ಮೇಲ್ಮನವಿಗಳ ತೀರ್ಪು ನೀಡಿ ಶಿಕ್ಷೆಗಳನ್ನು ಬಹಳಷ್ಟು ತಗ್ಗಿಸಿದರು. ಮುಜಫ್ಫರ್ ಅಹ್ಮದರ ಶಿಕ್ಷೆ ಮೂರು ವರ್ಷಗಳಿಗೂ ಸ್ಪ್ರಾಟ್ ಅವರದು ಎರಡು ವರ್ಷಗಳಿಗೂ ಇಳಿಯಿತು. ಹಲವರು ಖುಲಾಸೆಯಾದರು.

ಬೆಳಗಾವಿ ಕೋಟೆಯಲ್ಲಿ

1934ರಲ್ಲಿ ಬಿಡುಗಡೆಯಾದ ಸ್ಪ್ರಾಟ್ ಅವರನ್ನು ಸರ್ಕಾರ ಹೆಚ್ಚು ಕಾಲ ಹೊರಗಿರಗೊಡಲಿಲ್ಲ. ಅದೇ ವರ್ಷ ವಿಶೇಷಾಧಿಕಾರದಡಿ ಮತ್ತೆ ಬಂಧಿಸಿ, ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಬೆಳಗಾವಿಯ ಕೋಟೆಯಲ್ಲಿ ಇರಿಸಲಾಯಿತು. ಮೀರತ್ತಿನಲ್ಲಿ ಕನಿಷ್ಠಪಕ್ಷ ವಿಚಾರಣೆಯಾದರೂ ನಡೆದಿತ್ತು. ಇಲ್ಲಿ ಅದೂ ಇರಲಿಲ್ಲ. 1936ರಲ್ಲಿ ಅವರಿಗೆ ಬಿಡುಗಡೆ ದೊರೆಯಿತು.

ಜೈಲಿನ ಏಕಾಂತದಲ್ಲಿ ಅವರು ವಿಸ್ತಾರವಾಗಿ ಓದಿದರು. ತಾವು ನಂಬಿದ್ದ ಸಿದ್ಧಾಂತದ ಕುರಿತು ಸಂದೇಹಗಳು ಮೂಡತೊಡಗಿದ್ದು ಈ ವರ್ಷಗಳಲ್ಲಿ. 1939ರಲ್ಲಿ ಗಾಂಧೀಜಿಯವರ ವಿಚಾರ ಹಾಗೂ ವ್ಯಕ್ತಿತ್ವವನ್ನು ಪರಿಶೀಲಿಸುವ ಕೃತಿಯನ್ನು ಪ್ರಕಟಿಸಿದರು. ಅದೇ ವರ್ಷ, ಮದರಾಸಿನ ಕಾರ್ಮಿಕ ಚಳವಳಿಯ ಹಿರಿಯ ನಾಯಕ ಸಿಂಗಾರವೇಲು ಚೆಟ್ಟಿಯಾರ್ ಅವರ ಬಂಧುವಾದ ಸೀತಾ ಅವರನ್ನು ವಿವಾಹವಾದರು.

ವೈಚಾರಿಕ ಪರಿವರ್ತನೆ ಮತ್ತು ಬೆಂಗಳೂರಿನ ವರ್ಷಗಳು

1939ರ ಕೊನೆಯಲ್ಲಿ ಸೋವಿಯತ್ ಒಕ್ಕೂಟವು ಫಿನ್ಲೆಂಡಿನ ಮೇಲೆ ದಾಳಿ ಮಾಡಿದಾಗ ಸ್ಪ್ರಾಟ್ ಅವರು ಕಮ್ಯುನಿಸಮ್ಮಿನಿಂದ ಬಹಿರಂಗವಾಗಿ ದೂರ ಸರಿದರು. 1943ರಲ್ಲಿ ಎಂ. ಎನ್. ರಾಯ್ ಅವರ ರ‍್ಯಾಡಿಕಲ್ ಡೆಮಾಕ್ರಟಿಕ್ ಪಕ್ಷವನ್ನು ಸೇರಿದರು. ಆ ಪಕ್ಷದ ವಿಸರ್ಜನೆಯ ನಂತರ ಅವರು ಯಾವ ಪಕ್ಷದಲ್ಲಿಯೂ ಸಕ್ರಿಯರಾಗಲಿಲ್ಲ.

ಬೆಂಗಳೂರಿನಿಂದ ಹೊರಡುತ್ತಿದ್ದ ಇಂಗ್ಲಿಷ್ ವಾರಪತ್ರಿಕೆ ‘ಮೈಸಿಂಡಿಯಾ’ದ ಸಂಪಾದಕರಾಗಿ ಅವರು ಮುಕ್ತ ಉದ್ಯಮವನ್ನು ಸಮರ್ಥಿಸಿದರು, ಸ್ವತಂತ್ರ ಭಾರತದ ಸರ್ಕಾರದ ಆರ್ಥಿಕ ನೀತಿಯನ್ನು ನಿಷ್ಠುರವಾಗಿ ವಿಮರ್ಶಿಸಿದರು. ಒಂದು ಕಾಲದಲ್ಲಿ ತಮ್ಮ ಬಿಡುಗಡೆಗಾಗಿ ಶ್ರಮಿಸಿದ್ದ ನೆಹರೂ ಅವರ ನೀತಿಗಳೂ ಈ ವಿಮರ್ಶೆಯಿಂದ ಹೊರತಾಗಿರಲಿಲ್ಲ. 1955ರಲ್ಲಿ ಅವರ ಆತ್ಮಕಥನ ಪ್ರಕಟವಾಯಿತು. ಭಾರತಕ್ಕೆ ಬಂದ ಉದ್ದೇಶವನ್ನೂ ಯಾರ ಸೂಚನೆಯಂತೆ ಬಂದರೆಂಬುದನ್ನೂ ಅವರು ಅದರಲ್ಲಿ ಮುಚ್ಚುಮರೆಯಿಲ್ಲದೆ ವಿವರಿಸಿದ್ದಾರೆ.

ಕೊನೆಯ ದಿನಗಳು

ಮುಂದೆ ಸ್ಪ್ರಾಟ್ ಅವರು ಮದರಾಸಿಗೆ ತೆರಳಿ, ರಾಜಾಜಿಯವರ ವಿಚಾರಗಳನ್ನು ಪ್ರತಿಪಾದಿಸುತ್ತಿದ್ದ ‘ಸ್ವರಾಜ್ಯ’ ಪತ್ರಿಕೆಯ ಸಂಪಾದನೆಯ ಹೊಣೆ ಹೊತ್ತರು. ಹಲವು ಭಾಷೆಗಳಿಂದ ಇಂಗ್ಲಿಷಿಗೆ ಅನುವಾದಗಳನ್ನೂ ಮಾಡಿದರು. ಕ್ಯಾನ್ಸರ್ ರೋಗದಿಂದ 1971ರ ಮಾರ್ಚ್ 8ರಂದು ಮದರಾಸಿನಲ್ಲಿ ನಿಧನರಾದರು. ಮೀರತ್ತಿನ ಸಹಬಂದಿ ಘಾಟೆಯವರು ಅದಕ್ಕೆ ಕೆಲವೇ ತಿಂಗಳು ಮುನ್ನ, 1970ರ ನವೆಂಬರಿನಲ್ಲಿ, ತೀರಿಕೊಂಡಿದ್ದರು. ಘಾಟೆಯವರು ಕೊನೆಯವರೆಗೂ ಕಮ್ಯುನಿಸ್ಟರಾಗಿಯೇ ಉಳಿದರು; ಸ್ಪ್ರಾಟ್ ಅವರು ಆ ಸಿದ್ಧಾಂತದ ಕಟು ವಿಮರ್ಶಕರಾದರು. ಆದರೆ 1933ರಲ್ಲಿ ಅವರ ಬಿಡುಗಡೆಯನ್ನು ಬಯಸಿದವರಲ್ಲಿ ಅನೇಕರು ಕಮ್ಯುನಿಸ್ಟರಾಗಿರಲಿಲ್ಲ. ಸಂಘ ಕಟ್ಟಿದವರನ್ನು ಅವರ ಅಭಿಪ್ರಾಯಗಳಿಗಾಗಿ ಸೆರೆಗೆ ತಳ್ಳಬಾರದೆಂಬುದೇ ಆ ಬೆಂಬಲದ ತಿರುಳಾಗಿತ್ತು.

ಪ್ರಮುಖ ಕೃತಿಗಳು

ಗಾಂಧಿಸಂ: ಆ್ಯನ್ ಅನಾಲಿಸಿಸ್ (1939)
ಬ್ಲೋಯಿಂಗ್ ಅಪ್ ಇಂಡಿಯಾ (1955)
ಹಿಂದೂ ಕಲ್ಚರ್ ಆ್ಯಂಡ್ ಪರ್ಸನಾಲಿಟಿ (1966)