ಅರಕೊಠಾರದ ತ್ರಿಕೂಟ ಬಸದಿಯ ನಿರ್ಮಾತೃ ದಂಡನಾಯಕ ಪುಣಿಸಮಯ್ಯ

ಹೊಯ್ಸಳ ದೊರೆ ವಿಷ್ಣುವರ್ಧನನ ಆಳ್ವಿಕೆಯು ಕರ್ನಾಟಕದ ಜೈನ ಇತಿಹಾಸದಲ್ಲಿ ಒಂದು ಉಜ್ವಲ ಅಧ್ಯಾಯ. ಆತನ ರಾಜ್ಯವನ್ನು ಕಟ್ಟಿ ಬೆಳೆಸಿದ ದಂಡನಾಯಕರಲ್ಲಿ ಗಂಗರಾಜ, ಬೊಪ್ಪ, ಮರಿಯಾನೆ, ಭರತ ಮುಂತಾದವರು ಪರಮ ಜಿನಭಕ್ತರಾಗಿದ್ದರು. ಇವರ ಸಾಲಿನಲ್ಲಿಯೇ ನಿಲ್ಲತಕ್ಕ ಮತ್ತೊಬ್ಬ ಮಹಾಪುರುಷನೆಂದರೆ ಪುಣಿಸಮಯ್ಯ. ಗಂಗರಾಜನ ಹೆಸರು ಶ್ರವಣಬೆಳಗೊಳದ ಯಾತ್ರಿಕರಿಗೆಲ್ಲ ಪರಿಚಿತ. ಪುಣಿಸನ ಹೆಸರಾದರೋ ಚಾಮರಾಜನಗರದ ಬಸದಿಯೊಂದರ ಶಿಲಾಶಾಸನವನ್ನು ಬಲ್ಲವರಿಗೆ ಮಾತ್ರ ಆಪ್ತವಾದುದು. ಇಬ್ಬರೂ ಒಬ್ಬನೇ ದೊರೆಯ ಸೇವಕರು, ಒಂದೇ ಧರ್ಮದ ಆರಾಧಕರು, ಒಂದೇ ಕಾಲದಲ್ಲಿ ಜಿನಾಲಯಗಳಿಗಾಗಿ ತಮ್ಮ ಸಂಪತ್ತನ್ನು ವಿನಿಯೋಗಿಸಿದವರು.

ಪುಣಿಸನದು ರಾಜಸೇವೆಯಲ್ಲಿ ನುರಿತ ಮನೆತನ. ಆತನ ತಾತನ ಹೆಸರೂ ಪುಣಿಸನೆಂದೇ, ತಂದೆ ಚಾವಣ. ತಾತನ ಹೆಸರನ್ನು ಹೊತ್ತ ಮೊಮ್ಮಗನು ವಿಷ್ಣುವರ್ಧನನ ಬಳಿ ಸಂಧಿವಿಗ್ರಹಿಯಾಗಿ, ಎಂದರೆ ಶಾಂತಿಯನ್ನೂ ಯುದ್ಧವನ್ನೂ ನಿರ್ಣಯಿಸುವ ಮಂತ್ರಿಯಾಗಿ, ಜೊತೆಗೆ ದಂಡನಾಯಕನಾಗಿ ಅಧಿಕಾರ ನಡೆಸಿದನು. ಲೇಖನಿ ಮತ್ತು ಖಡ್ಗ ಎರಡನ್ನೂ ಒಂದೇ ಕೈಯಲ್ಲಿ ಹಿಡಿಯಬೇಕಾದ ಪದವಿ ಅದು.

ಅಂದಿನ ರಾಜಕೀಯ ಪರಿಸ್ಥಿತಿ ಸುಲಭದ್ದಾಗಿರಲಿಲ್ಲ. ಗಂಗರ ಪ್ರಾಚೀನ ರಾಜಧಾನಿಯಾದ ತಲಕಾಡು ಒಂದು ಶತಮಾನಕ್ಕೂ ಮಿಕ್ಕಿ ಚೋಳರ ವಶದಲ್ಲಿತ್ತು. ಸುಮಾರು 1116ರಲ್ಲಿ ಗಂಗರಾಜನ ನೇತೃತ್ವದಲ್ಲಿ ಹೊಯ್ಸಳರು ಅದನ್ನು ಗೆದ್ದುಕೊಂಡರು. ವಿಷ್ಣುವರ್ಧನನಿಗೆ ತಲಕಾಡುಗೊಂಡನೆಂಬ ಬಿರುದು ಬಂದದ್ದು ಈ ವಿಜಯದಿಂದ. ಆದರೆ ತಲಕಾಡಿನಿಂದ ದಕ್ಷಿಣಕ್ಕೆ, ನೀಲಗಿರಿಯ ತಪ್ಪಲಿನವರೆಗೂ ಹಬ್ಬಿದ ಕಾಡುಮೇಡುಗಳ ಸೀಮೆಯಲ್ಲಿ ಹೊಸ ರಾಜ್ಯದ ಆಣತಿ ನಡೆಯುವಂತೆ ಮಾಡಬೇಕಾಗಿತ್ತು. ಇಂದಿನ ಚಾಮರಾಜನಗರದ ಪ್ರದೇಶವು ಆಗ ಎಣ್ಣೆನಾಡು. ತೆರಕಣಾಂಬಿಯನ್ನೊಳಗೊಂಡ ಗುಂಡ್ಲುಪೇಟೆಯ ಸೀಮೆ ಕುಡುಗುನಾಡು. ಈ ಭಾಗವೇ ಪುಣಿಸನ ಪರಾಕ್ರಮದ ರಂಗಭೂಮಿಯಾಯಿತು.

ಆತನು ತೋದವರನ್ನು ಬೆದರಿಸಿದನೆಂದೂ, ಕೊಂಗರನ್ನು ಹಿಮ್ಮೆಟ್ಟಿಸಿದನೆಂದೂ, ಮಲೆಯಾಳರನ್ನು ಸಂಹರಿಸಿದನೆಂದೂ, ನೀಲಗಿರಿಯನ್ನೇರಿ ಅದರ ಶಿಖರವನ್ನು ವಿಜಯಲಕ್ಷ್ಮಿಗೆ ಅರ್ಪಿಸಿದನೆಂದೂ ಶಾಸನವು ವರ್ಣಿಸುತ್ತದೆ. ಗುಂಡ್ಲುಪೇಟೆಯಿಂದ ದಕ್ಷಿಣಕ್ಕೆ ನಡೆದವರಿಗೆ ಆ ನೀಲಿ ಬೆಟ್ಟಸಾಲಿನ ದುರ್ಗಮತೆ ತಾನಾಗಿ ತಿಳಿಯುತ್ತದೆ. ಎರಡು ಶತಮಾನಗಳ ತರುವಾಯ ತೆರಕಣಾಂಬಿಯಿಂದ ಆಳಿದ, 1315ರಲ್ಲಿ ಗೋಪಾಲಸ್ವಾಮಿ ಬೆಟ್ಟದ ದೇವಾಲಯವನ್ನು ಕಟ್ಟಿಸಿದನೆಂದು ಹೇಳಲಾಗುವ ಮಾಧವ ದಂಡನಾಯಕನೂ ನೀಲಗಿರಿಯ ಹೆಸರನ್ನೇ ತನ್ನ ಬಿರುದಿನಲ್ಲಿ ಧರಿಸಿದನು. ಆ ದಾರಿಯನ್ನು ಮೊದಲು ತೆರೆದ ಹೊಯ್ಸಳ ಸೇನಾನಿ ಪುಣಿಸನೇ.

ಆದರೆ ಕೇವಲ ಗೆಲವಿನಿಂದ ಪುಣಿಸನು ದೊಡ್ಡವನಾಗಲಿಲ್ಲ. ಗೆದ್ದ ನಾಡಿನಲ್ಲಿ ವ್ಯಾಪಾರ ಕೆಟ್ಟು ನಿಂತಿದ್ದ ವರ್ತಕರಿಗೆ, ಬಿತ್ತಲು ಬೀಜವಿಲ್ಲದೆ ಕೈಕಟ್ಟಿ ಕುಳಿತಿದ್ದ ಒಕ್ಕಲಿಗರಿಗೆ, ಅಧಿಕಾರ ಕಳೆದುಕೊಂಡಿದ್ದ ಕಿರಾತ ನಾಯಕರಿಗೆ, ಅವರವರು ಕಳೆದುಕೊಂಡದ್ದನ್ನು ಕೊಟ್ಟು ನೆಲೆ ನಿಲ್ಲಿಸಿದನೆಂಬುದನ್ನು ಅದೇ ಶಾಸನ ಸ್ಮರಿಸುತ್ತದೆ. ದಂಡಯಾತ್ರೆಯ ವರ್ಣನೆ ಎಲ್ಲ ವೀರರ ಶಾಸನಗಳಲ್ಲಿಯೂ ಉಂಟು. ಬೀಜವಿಲ್ಲದ ರೈತನ ಸ್ಮರಣೆ ವಿರಳ. ಯುದ್ಧವು ಮಂತ್ರಿಪದವಿಯ ಕರ್ತವ್ಯವಾದರೆ ಈ ಕರುಣೆಯು ಶ್ರಾವಕನ ಧರ್ಮ. ಹಿಂಸೆಯ ನಡುವೆ ಬದುಕಬೇಕಾದ ಜೈನ ಸೇನಾನಿಯು ತನ್ನ ವ್ರತವನ್ನು ಎಲ್ಲಿ ಉಳಿಸಿಕೊಂಡನೆಂಬ ಪ್ರಶ್ನೆಗೆ ಪುಣಿಸನ ಜೀವನ ಕೊಡುವ ಉತ್ತರ ಇದೇ.

ಗಂಗವಾಡಿಯ ಬಸದಿಗಳನ್ನು ಹಿಂದೆ ಗಂಗರು ಹೇಗೆ ಅಲಂಕರಿಸಿದ್ದರೋ ಹಾಗೆಯೇ ಪುಣಿಸನೂ ನಿರ್ಭಯನಾಗಿ ಅಲಂಕರಿಸಿದನು. ಶಕವರ್ಷ 1039ರಲ್ಲಿ, ಎಂದರೆ ಕ್ರಿ. ಶ. 1117ರಲ್ಲಿ, ಎಣ್ಣೆನಾಡಿನ ಅರಕೊಠಾರದಲ್ಲಿ ತ್ರಿಕೂಟ ಬಸದಿಯನ್ನು ಕಟ್ಟಿಸಿ ಭೂದಾನ ಮಾಡಿದನು. ಈ ಅರಕೊಠಾರವೇ ಮುಂದೆ ಅರಿಕುಠಾರವಾಯಿತು. ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಅಲ್ಲಿ ಜನಿಸಿದ ತಮ್ಮ ತಂದೆಯವರ ನೆನಪಿಗಾಗಿ ಅದಕ್ಕೆ ಚಾಮರಾಜನಗರವೆಂದು ಹೆಸರಿಟ್ಟರು. ಪುಣಿಸನ ಧರ್ಮಪತ್ನಿ ಜಕ್ಕಿಯಬ್ಬೆಯೂ ಪತಿಗೆ ತಕ್ಕ ಸತಿ. ಆಕೆ ಶಿಲಾಮಯ ಬಸದಿಯೊಂದನ್ನು ಕಟ್ಟಿಸಿದ ಸಂಗತಿ ಕೃಷ್ಣರಾಜಪೇಟೆ ತಾಲ್ಲೂಕಿನ ಶಾಸನದಿಂದ ವಿದಿತವಾಗುತ್ತದೆ.

ಇಲ್ಲಿ ವಿಚಾರವಂತರು ಗಮನಿಸಬೇಕಾದ ಒಂದು ಸಂಗತಿಯಿದೆ. ಅದೇ ಶಕವರ್ಷ 1039ರಲ್ಲಿ, ಅದೇ ವಿಷ್ಣುವರ್ಧನನು ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆ ನೆರವೇರಿಸಿದನು. ಇಂದು ಚೆನ್ನಕೇಶವ ದೇವಾಲಯವೆಂದು ಜಗತ್ತು ಅರಿತಿರುವುದು ಅದೇ. ಒಂದೇ ದೊರೆಯ ಕಾಲ, ಒಂದೇ ಸಂವತ್ಸರ, ಎರಡು ಕಲ್ಲಿನ ಕಟ್ಟಡಗಳು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಆ ಗೌರವ ಸರ್ವಥಾ ಯೋಗ್ಯವಾದುದು. ಆದರೆ ಪುಣಿಸನ ಬಸದಿಯ ಹೆಸರನ್ನು ಶಿಲ್ಪಕಲೆಯ ಪ್ರಸ್ತಾಪದಲ್ಲಿ ಎತ್ತುವವರು ಎಷ್ಟು ಮಂದಿ? ಯಾವುದು ಕಲೆ, ಯಾವುದು ಕೇವಲ ಪೂಜಾಸ್ಥಾನ ಎಂಬುದನ್ನು ಸಮಾಜವು ಹೇಗೆ ನಿರ್ಣಯಿಸುತ್ತದೆಂಬುದಕ್ಕೆ ಈ ಎರಡು ಕಟ್ಟಡಗಳೇ ಸಾಕ್ಷಿ.

ಬೇಲೂರಿನ ರೂವಾರಿಗಳು ತಮ್ಮ ಹೆಸರುಗಳನ್ನು ವಿಗ್ರಹಗಳ ಪೀಠದಲ್ಲಿಯೇ ಕೊರೆದಿಟ್ಟರು. ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ ಮೊದಲಾದವರು ತಮ್ಮ ಊರನ್ನೂ ಬಿರುದುಗಳನ್ನೂ ಹೆಮ್ಮೆಯಿಂದ ಬರೆದುಕೊಂಡರು. ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಬೇಲೂರಿನ ದೇವಾಲಯವನ್ನು ಕುರಿತು 1919ರಲ್ಲಿ ಪ್ರಕಟಿಸಿದ ಗ್ರಂಥದಿಂದ ಆ ಶಿಲ್ಪಿಗಳ ಕೀರ್ತಿ ವಿದ್ವಜ್ಜನರಲ್ಲಿ ಹರಡಿತು. ಅದಕ್ಕೂ ಮೊದಲೇ, 19ನೆಯ ಶತಮಾನದಲ್ಲಿ, ಜೇಮ್ಸ್ ಫರ್ಗುಸನ್ನನು ಹಳೇಬೀಡಿನ ಭಿತ್ತಿಶಿಲ್ಪಗಳನ್ನು ಮನಸಾರೆ ಹೊಗಳಿದ್ದನು. ಹೀಗೆ ಅಲಂಕಾರದ ಸಮೃದ್ಧಿಯೇ ಹೊಯ್ಸಳ ಶಿಲ್ಪದ ಅಳತೆಗೋಲಾಯಿತು. ಎಲ್ಲಿ ಕೆತ್ತನೆ ಹೆಚ್ಚೋ ಅಲ್ಲಿ ಕಲೆ ಹೆಚ್ಚು ಎಂಬ ಭಾವನೆ ಬೇರೂರಿತು.

ಈ ಅಳತೆಗೋಲಿನಿಂದ ಅಳೆದರೆ ಜಿನಾಲಯಗಳಿಗೆ ನ್ಯಾಯ ದೊರೆಯುವುದು ಕಷ್ಟ. ಹಳೇಬೀಡಿನಲ್ಲಿಯೇ ಗಂಗರಾಜನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯಿದೆ. ಅದರ ಹೊರಗೋಡೆಗಳು ನಿರಾಡಂಬರ. ಒಳಗಿನ ಕಂಬಗಳಾದರೋ ಕನ್ನಡಿಯಂತೆ ನಯಗೊಂಡಿವೆ. ಹೊಯ್ಸಳೇಶ್ವರ ದೇವಾಲಯವನ್ನು ಕಾಣಲು ಬಂದ ಜನಸಂದಣಿಯಲ್ಲಿ ಕೆಲವರು ಮಾತ್ರ ಇತ್ತ ಬರುತ್ತಾರೆ. ಕಲ್ಲನ್ನು ಕೊರೆದು ಬಳ್ಳಿ ಬಿಡಿಸುವುದು ಒಂದು ಕೌಶಲ. ಕಲ್ಲನ್ನು ಉಜ್ಜಿ ಉಜ್ಜಿ ಅದರೊಳಗಿನ ಮೌನವನ್ನು ಹೊರತರುವುದು ಇನ್ನೊಂದು ಕೌಶಲ. ಎರಡನೆಯದನ್ನು ನೋಡಲು ಕಣ್ಣಿಗೆ ತಾಳ್ಮೆ ಬೇಕು.

ಜಿನಬಿಂಬದ ವಿಷಯದಲ್ಲಿ ಶಿಲ್ಪಿಯ ಪರೀಕ್ಷೆ ಇನ್ನೂ ಕಠಿನ. ತೀರ್ಥಂಕರರಿಗೆ ಆಭರಣವಿಲ್ಲ, ಆಯುಧವಿಲ್ಲ, ಭಂಗಿಯ ವೈವಿಧ್ಯವಿಲ್ಲ. ಕಾಯೋತ್ಸರ್ಗ ಅಥವಾ ಪದ್ಮಾಸನ, ಇಷ್ಟೇ. ತಾಳಮಾನದ ನಿಯಮ ಮೀರುವಂತಿಲ್ಲ. ಹಾರದ ಮಣಿಯಲ್ಲಾಗಲಿ ಮುಡಿಯ ಹೂವಿನಲ್ಲಾಗಲಿ ಶಿಲ್ಪಿಯು ತನ್ನ ತಪ್ಪನ್ನು ಮರೆಮಾಡಲಾರನು. ಭುಜದ ಇಳಿಜಾರಿನಲ್ಲಿ, ಅರೆತೆರೆದ ಕಣ್ಣಿನಲ್ಲಿ, ತುಟಿಯಂಚಿನ ಪ್ರಶಾಂತತೆಯಲ್ಲಿ ವೀತರಾಗಭಾವ ಮೂಡಿತೋ ಇಲ್ಲವೋ ಎಂಬುದೊಂದೇ ಪ್ರಶ್ನೆ. ಮೂಡಿದರೆ ನೋಡುವವನು ಶಿಲ್ಪಿಯನ್ನು ಮರೆತು ಕೈಮುಗಿಯುತ್ತಾನೆ. ಶಿಲ್ಪಿಯ ಪೂರ್ಣ ಯಶಸ್ಸೇ ಆತನ ವಿಸ್ಮೃತಿಗೆ ಕಾರಣವಾಗುವ ವಿಚಿತ್ರವನ್ನು ಇಲ್ಲಿ ಕಾಣಬಹುದು. ವಿಂಧ್ಯಗಿರಿಯ ಗೊಮ್ಮಟೇಶ್ವರನ ಪಾದದ ಬಳಿ ಮೂರ್ತಿಯನ್ನು ಮಾಡಿಸಿದ ಚಾವುಂಡರಾಯನ ಹೆಸರಿದೆ, ಸುತ್ತಾಲಯವನ್ನು ಕಟ್ಟಿಸಿದ ಗಂಗರಾಜನ ಹೆಸರಿದೆ. ಉಳಿ ಹಿಡಿದವನ ಹೆಸರು ಮಾತ್ರ ಅಲ್ಲಿಲ್ಲ.

ಹಾಗೆಂದು ಜೈನ ಸಮಾಜವು ಶಿಲ್ಪಿಗಳನ್ನು ಗೌರವಿಸಲಿಲ್ಲವೆಂದು ಭಾವಿಸಲಾಗದು. ಪುಣಿಸನ ಕಾಲದಲ್ಲಿಯೇ ಶ್ರವಣಬೆಳಗೊಳದ ಶಾಸನಗಳನ್ನು ಕಂಡರಿಸಿದ ವರ್ಧಮಾನಾಚಾರಿ, ಗಂಗಾಚಾರಿಯರು ರೂವಾರಿಮುಖತಿಲಕರೆಂಬ ಬಿರುದಿನೊಡನೆ ಕಲ್ಲಿನ ಮೇಲೆ ಉಳಿದಿದ್ದಾರೆ. ಅಕ್ಷರ ಕೊರೆದವನಿಗೂ ಹಣೆಯ ತಿಲಕದ ಸ್ಥಾನವನ್ನು ಕೊಟ್ಟ ಕಾಲ ಅದು. ಆದ್ದರಿಂದ ಹೆಸರು ಉಳಿಯುವುದೂ ಅಳಿಯುವುದೂ ಕಲೆಯ ತಾರತಮ್ಯದಿಂದಲ್ಲ. ಬರೆಯುವ ರೂಢಿ, ಓದುವವರ ಆಸಕ್ತಿ, ಕಾಪಾಡುವವರ ಶ್ರದ್ಧೆ, ಇವುಗಳಿಂದ ಅದು ನಿರ್ಣಯವಾಗುತ್ತದೆ.

ಪುಣಿಸನ ಶಾಸನದ ಗತಿಯೂ ಇದನ್ನೇ ತೋರಿಸುತ್ತದೆ. ಬಿ. ಎಲ್. ರೈಸ್ ಅವರು 1898ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳೊಡನೆ ಇದೂ ಬೆಳಕು ಕಂಡಿತು. ಆ ಮೇಲೆ ಈ ಶಾಸನವು ವಿದ್ವಾಂಸರಲ್ಲಿ ಪ್ರಸಿದ್ಧವಾದದ್ದು ಬಸದಿಯ ದೆಸೆಯಿಂದಲ್ಲ. ನೀಲಗಿರಿಯ ತೋದ ಜನರ ಹೆಸರು ಕಾಣುವ ಅತಿ ಪ್ರಾಚೀನ ದಾಖಲೆಯೆಂಬ ಕಾರಣದಿಂದ ಅದು ಖ್ಯಾತವಾಯಿತು. ಒಂದು ಸಾಲಿನಲ್ಲಿ ಬಂದ ಜನಾಂಗದ ಹೆಸರು ದೂರದ ದೇಶಗಳ ಗ್ರಂಥಗಳನ್ನು ಸೇರಿತು. ಯಾವ ಜಿನಾಲಯಕ್ಕಾಗಿ ಆ ಕಲ್ಲನ್ನು ನೆಡಲಾಯಿತೋ ಅದು ಹಿಂದೆ ಸರಿಯಿತು.

ಆದರೂ ಚಾಮರಾಜನಗರದ ಶ್ರೀ ಪಾರ್ಶ್ವನಾಥ ಬಸದಿಯಲ್ಲಿ ಪುಣಿಸನ ನೆನಪು ಅಳಿಯಲಿಲ್ಲ. ರಾಜ್ಯಗಳು ಬಂದು ಹೋದವು. ಊರಿನ ಹೆಸರು ಬದಲಾಯಿತು. ನೀಲಗಿರಿಯ ಜಯವು ಕಥೆಯಾಯಿತು. ಗ್ರಂಥಗಳು ಮರೆತುದನ್ನು ದಿನನಿತ್ಯ ದೀಪ ಹಚ್ಚಿದ ಕೈಗಳು ಕಾಪಾಡಿದವು. ಮಲೆಯೂರಿನ ಕನಕಗಿರಿಯಲ್ಲಿ, ಗುಂಡ್ಲುಪೇಟೆ ತಾಲ್ಲೂಕಿನ ಕೆಲಸೂರಿನಲ್ಲಿ ಜಿನಧರ್ಮದ ಕುರುಹುಗಳು ಉಳಿದಿರುವುದೂ ಇಂಥ ಹೆಸರಿಲ್ಲದ ಕೈಗಳಿಂದಲೇ. ಕೃತಿಯೊಂದನ್ನು ಕಲೆಯೆಂದು ನಿರ್ಣಯಿಸುವ ಅಧಿಕಾರ ಪಂಡಿತರದೋ ಪಟ್ಟಿ ಮಾಡುವವರದೋ ಆಗಿರಬಹುದು. ಅದನ್ನು ಉಳಿಸುವ ಅಧಿಕಾರ ಮಾತ್ರ ಶ್ರಾವಕ ಸಮುದಾಯದ್ದು.

ಚಾಮರಾಜನಗರದ ಸೀಮೆಯ ಕರಿಕಲ್ಲು ಇಂದು ಹಡಗನ್ನೇರಿ ದೇಶಾಂತರಗಳಿಗೆ ಹೋಗುತ್ತಿದೆ. ಅದೇ ಸೀಮೆಯಲ್ಲಿ ಒಂಬತ್ತು ಶತಮಾನಗಳ ಹಿಂದೆ ಒಬ್ಬ ದಂಡನಾಯಕನು ಯುದ್ಧದಿಂದ ಹಿಂದಿರುಗಿ, ಗೆದ್ದ ಧನದಿಂದ ಅರಮನೆಯನ್ನಲ್ಲ, ಜಿನಮಂದಿರವನ್ನು ಎಬ್ಬಿಸಿದನು. ಬಿಂಬ ಪ್ರತಿಷ್ಠೆಯ ಪುಣ್ಯಕಾಲದಲ್ಲಿ, ನೇತ್ರೋನ್ಮೀಲನವಾಗಿ ಶಿಲೆಯು ಜಿನನಾಗಿ ಬೆಳಗುವ ಕ್ಷಣದಲ್ಲಿ, ಪ್ರತಿಷ್ಠಾಚಾರ್ಯರೊಡನೆ, ದಾನಿಗಳೊಡನೆ, ಹಿಂದೆ ಸರಿದು ನಿಂತ ಶಿಲ್ಪಿಯನ್ನೂ ಭವ್ಯಜನರು ಸ್ಮರಿಸುವುದು ಯುಕ್ತ. ಬಿತ್ತನೆಯ ಬೀಜವಿಲ್ಲದ ಒಕ್ಕಲಿಗನನ್ನು ಮರೆಯದ ಪುಣಿಸಮಯ್ಯನಿಗೆ ಅದಕ್ಕಿಂತ ಪ್ರಿಯವಾದ ಶ್ರದ್ಧಾಂಜಲಿ ಬೇರೊಂದಿರಲಾರದು.